ಗೋಡೆಯ ಕಡೆ ತಿರುಗಿ ನಿಂತವರು

ಶಹಾಪುರದ ತರಕಾರಿ ಮಾರುಕಟ್ಟೆಯ ಹಿಂದಿನ ಸಾಲಿನಲ್ಲಿ ನಾವು ಬಾಡಿಗೆಗೆ ಹಿಡಿದ ಮಳಿಗೆಯ ಷಟರ್ ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿತ್ತು. ಒಳಗೆ ಬರುವವರು ತಲೆ ಬಗ್ಗಿಸಿಯೇ ಬರಬೇಕು. ರಿಪೇರಿ ಮಾಡಿಸೋಣ ಎಂದು ಮೊದಲು ಅಂದುಕೊಂಡು ಆಮೇಲೆ ಬಿಟ್ಟೆವು. ನಾನು ಅಲ್ಲಿ ಇಡಲಿದ್ದ ಕೃತಿಗೆ ಬಗ್ಗಿ ಬರುವ ಜನ ಚೆನ್ನಾಗಿ ಒಪ್ಪುತ್ತಾರೆ ಅನ್ನಿಸಿತ್ತು.

ಕೃತಿ ಸರಳವಾದದ್ದು. ಒಂದು ಹಳೆಯ ಟೀವಿಯನ್ನು ಉದ್ದಕ್ಕೆ ನಿಲ್ಲಿಸಿ ಅದರ ನೆತ್ತಿಗೆ ಕ್ಯಾಮೆರಾ ಕೂರಿಸಿದ್ದೆವು. ಹಿಂದೆ ಅಂಗೈಯಗಲದ ಕಂಪ್ಯೂಟರ್. ಎದುರು ನಿಂತರೆ ಪರದೆಯ ಮೇಲೆ ನಿಮ್ಮ ಮುಖ, ಮುಖದ ಸುತ್ತ ಒಂದು ವೃತ್ತ. ಪಿಂಚಣಿಗೆ, ಕೂಲಿಯ ಹಾಜರಿಗೆ, ಸಿಮ್ ಕಾರ್ಡಿಗೆ ಜನ ಈಗ ಫೋನಿನ ಮುಂದೆ ಮುಖ ಒಡ್ಡಿ ನಿಲ್ಲುತ್ತಾರಲ್ಲ, ಅಲ್ಲಿ ಬರುವ ವೃತ್ತವೇ. ಒಂದು ಹೆಣ್ಣು ಧ್ವನಿ ಅಪ್ಪಣೆ ಕೊಡುತ್ತ ಹೋಗುತ್ತದೆ. ಧ್ವನಿ ನನ್ನದು; ಯಾವ ಊರಿನದೂ ಅಲ್ಲ ಅನ್ನಿಸುವ ಹಾಗೆ ಓದಿ ಧ್ವನಿಮುದ್ರಿಸಿದ್ದೆ. ಮುಖವನ್ನು ವೃತ್ತದೊಳಗೆ ಇರಿಸಿ. ಕಣ್ಣು ಮಿಟುಕಿಸಿ. ಎಡಕ್ಕೆ ನೋಡಿ. ಇಲ್ಲಿಯವರೆಗೆ ಎಲ್ಲ ಕಡೆ ಇರುವುದೇ. ಆಮೇಲೆ ಮೆಲ್ಲಗೆ ಹಳಿ ತಪ್ಪುತ್ತದೆ. ಬಲಗೈಯಿಂದ ಎಡಕಿವಿ ಮುಟ್ಟಿ. ನಗಬೇಡಿ. ಸ್ವಲ್ಪ ನಗಿ. ನಿಮ್ಮ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಳ್ಳಿ. ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ.

ಯಾವುದೋ ಒಂದು ಅಪ್ಪಣೆಯ ಹತ್ತಿರ ಜನ ನಿಲ್ಲುತ್ತಾರೆ, ನಕ್ಕು ಅಥವಾ ಬೈದು ಹೊರಗೆ ಹೋಗುತ್ತಾರೆ ಎಂಬುದು ನನ್ನ ನಿರೀಕ್ಷೆ. ಎಲ್ಲಿ ನಿಲ್ಲುತ್ತಾರೆ ಎಂಬುದನ್ನು ನೋಡುವುದೇ ಕೃತಿ. ಅದಕ್ಕೆ ಕೊನೆಯೇ ಇರಲಿಲ್ಲ. ಅಪ್ಪಣೆಗಳು ಮುಗಿದ ಮೇಲೆ ಮತ್ತೆ ಮೊದಲಿನಿಂದ ಶುರುವಾಗುತ್ತಿದ್ದವು.

ಯಂತ್ರ ಜೋಡಿಸಿಕೊಟ್ಟವರು ಬಸ್ ನಿಲ್ದಾಣದ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ಉಸ್ತಾದ್. ಊರೆಲ್ಲ ಅವರನ್ನು ಉಸ್ತಾದ್ ಎನ್ನುತ್ತದೆ, ನಾನೂ ಹಾಗೇ ಕರೆಯುತ್ತೇನೆ. ನನಗಿಂತ ದೊಡ್ಡವರು, ನನ್ನನ್ನು ಅಕ್ಕೋರ ಎನ್ನುತ್ತಾರೆ. ಶಾಲೆಯಲ್ಲಿ ಕಲಿಸುವ ಹೆಂಗಸರಿಗೆಲ್ಲ ನಮ್ಮ ಕಡೆ ಅದೇ ಹೆಸರು. ಅವರಿಗೆ ನಾನು ಹಾಕಿದ್ದ ಷರತ್ತು ಒಂದೇ: ಯಾರ ಮುಖವೂ ಉಳಿಯಬಾರದು. ಕ್ಯಾಮೆರಾ ಕಂಡದ್ದು ಪರದೆಗೆ ಹೋಗಬೇಕು, ಅಲ್ಲಿಗೆ ಮುಗಿಯಬೇಕು. ಷಟರಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಎರಡು ಸಾಲು ಬರೆಸಿದೆ. ಮೇಲಿನ ಸಾಲು: ಇದು ಕಲಾಕೃತಿ, ಯಾವ ಕಚೇರಿಗೂ ಸೇರಿದ್ದಲ್ಲ. ಕೆಳಗಿನ ಸಾಲು: ಇಲ್ಲಿ ಯಾರ ಮುಖವನ್ನೂ ಇಟ್ಟುಕೊಳ್ಳುವುದಿಲ್ಲ.

ಸಂತೆಯ ದಿನ ತೆರೆದೆವು. ಜನ ಬಂದರು. ಬಗ್ಗಿ ಬಂದರು, ವೃತ್ತದೊಳಗೆ ನಿಂತರು, ಕಣ್ಣು ಮಿಟುಕಿಸಿದರು, ಕಿವಿ ಮುಟ್ಟಿಕೊಂಡರು, ನಗಲಿಲ್ಲ, ಆಮೇಲೆ ನಕ್ಕರು. ಹೆಸರನ್ನು ಮನಸ್ಸಿನಲ್ಲಿ ಹೇಳಿಕೊಳ್ಳಿ ಎಂದಾಗ ತುಟಿ ಅಲ್ಲಾಡಿಸಿದರು. ಕೇಳಿಸಲಿಲ್ಲ ಎಂದಾಗ ಕೆಲವರು ಪರದೆಯ ಹತ್ತಿರ ಬಾಗಿ ಜೋರಾಗಿ ಹೆಸರು ಹೇಳಿದರು. ಯಾರೂ ಬೈಯಲಿಲ್ಲ. ಮತ್ತೆ ಮೊದಲಿನಿಂದ ಶುರುವಾದರೂ ಹೊರಗೆ ಹೋಗಲಿಲ್ಲ. ಸಾಲು ಬೆಳೆದು ಸೊಪ್ಪಿನವರ ಬುಟ್ಟಿಗಳವರೆಗೆ ಹೋಯಿತು.

"ಅಕ್ಕೋರ, ಇವರು ಸಂಜೀತನ ಹಿಂಗ ಕಿವಿ ಮುಟ್ಕೋತ ನಿಲ್ತಾರ," ಎಂದರು ಉಸ್ತಾದ್. "ಮುಗೀತು ಅಂತ ಏನರ ತೋರಸ್ರಿ. ಇಲ್ಲಾಂದ್ರ ಸೊಪ್ಪಿನ ಹೆಣ್ಣಮಕ್ಕಳು ನಮ್ಮನ್ನ ಹೊಡೀತಾರ."

"ಮುಗಿಯೋದಿಲ್ಲ ಅನ್ನೋದೇ ಅದರ ಅರ್ಥ, ಉಸ್ತಾದ್."

"ಅರ್ಥ ನಿಮ್ಮ ಹತ್ರ ಇರ್ಲಿ. ಒಂದು ಹಸಿರು ಗುರುತು ಹಾಕ್ತೀನಿ."

ಗಲಾಟೆಯಲ್ಲಿ ಒಪ್ಪಿದೆ. ಅವರು ಅಲ್ಲೇ ಕೂತು, ಅಪ್ಪಣೆಗಳು ಒಂದು ಸುತ್ತು ಮುಗಿದ ಮೇಲೆ ಹಸಿರು ಗುರುತು ಬರುವ ಹಾಗೆ ಮಾಡಿದರು. ಜೊತೆಗೆ ಟಿಂಗ್ ಎಂಬ ಸದ್ದು. ಆ ಸದ್ದು ಅವರ ಸ್ವಂತ ಕಾಣಿಕೆ. ಸಾಲು ಸರಸರ ಕರಗತೊಡಗಿತು. ಜನ ಸಮಾಧಾನದ ಮುಖ ಹೊತ್ತು ಹೊರಗೆ ಹೋದರು. ಅದನ್ನು ಕಂಡು ನನಗೂ ಒಂದು ಬಗೆಯ ಸಮಾಧಾನವಾಯಿತು ಎಂದು ನೆನಪು. ಈ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಆಮೇಲೆ ನಡೆದದ್ದು ಅದಕ್ಕೆ ಬಣ್ಣ ಹಚ್ಚಿರಬಹುದು.

ಆ ಹೆಂಗಸು ಬಂದದ್ದು ಆಗಲೇ. ತಲೆಯ ಮೇಲಿನ ಸೆರಗನ್ನು ಗಲ್ಲದವರೆಗೂ ಎಳೆದುಕೊಂಡಿದ್ದಳು. ವೃತ್ತದ ಮುಂದೆ ನಿಂತು ಸೆರಗಿಗೆ ಕೈ ಹಾಕಿದವಳು ಹಿಂದಕ್ಕೆ ತಿರುಗಿ ಸಾಲನ್ನು ನೋಡಿ ಕೈ ಬಿಟ್ಟಳು. ನನ್ನ ಹತ್ತಿರ ಬಂದು ಸಣ್ಣಗೆ, "ಅವರಿಗೆ ಜರಾ ಆ ಕಡಿ ತಿರಗಂತ ಹೇಳ್ರಿ," ಎಂದಳು. ಅವರು ಎಂದರೆ ಸಾಲಿನಲ್ಲಿದ್ದ ಒಬ್ಬ ಹಿರಿಯರು, ಅವಳ ಗಂಡನ ಅಣ್ಣ. ಭಾವನ ಎದುರು ಮುಖ ತೆರೆಯುವ ಹಾಗಿಲ್ಲ, ಭಾವನಿಗೆ ನೇರವಾಗಿ ಮಾತೂ ಹೇಳುವ ಹಾಗಿಲ್ಲ. ನಾನು ಹೇಳಿದೆ. ಅವರು ತಕ್ಷಣ ಗೋಡೆಯ ಕಡೆ ತಿರುಗಿದರು. ಅವಳು ಸೆರಗು ಸರಿಸಿ ಎಲ್ಲ ಅಪ್ಪಣೆಗಳನ್ನೂ ಒಂದೂ ತಪ್ಪದೆ ಪಾಲಿಸಿದಳು. ಟಿಂಗ್ ಎಂದಿತು.

"ಆತೇನ್ರಿ?"

"ಆತ್ರಿ," ಎಂದೆ.

ಇದನ್ನು ಮಾತ್ರ ನಾನು ಖಚಿತವಾಗಿ ನೆನಪಿಟ್ಟಿದ್ದೇನೆ. ಆತ್ರಿ ಎಂದದ್ದು ನಾನೇ.

ಕೆಲವು ದಿನಗಳ ಬಳಿಕ ಒಂದು ಬೆಳಿಗ್ಗೆ, ಮುಂದಿನ ಸಾಲಿನ ಸೇವಾ ಕೇಂದ್ರದ ಆಪರೇಟರ್ ಬಗ್ಗಿಕೊಂಡು ಒಳಗೆ ಬಂದ. ಅರ್ಜಿ, ಪಿಂಚಣಿ, ಬಿಲ್ಲು ಎಂದು ದಿನವಿಡೀ ಜನರ ನಡುವೆ ಇರುವ ಮನುಷ್ಯ. ಯಂತ್ರವನ್ನು ಮೇಲಿಂದ ಕೆಳಗೆ ನೋಡಿದ.

"ಮೇಡಂ, ಇದು ಏನ್ ನಡಸೀರಿ ನೀವು?"

"ಕಲಾಪ್ರದರ್ಶನ."

"ಕಲಾ ಇರ್ಲಿ. ನನ್ನ ಗಿರಾಕಿ ಇಲ್ಯಾಕ ಬಂದು ಮಾರಿ ತೋರಸಾಕತ್ತಾರ?"

ಪಿಂಚಣಿ ಪಡೆಯುವವರು ತಾವು ಬದುಕಿದ್ದೇವೆ ಎಂದು ಮುಖ ತೋರಿಸಿ ದೃಢಪಡಿಸುವ ದಿನಗಳು ನಡೆಯುತ್ತಿದ್ದವು. ಹಲವರು ನಮ್ಮಲ್ಲಿಗೆ ಬಂದು, ಟಿಂಗ್ ಕೇಳಿ, ಕೆಲಸ ಆಯಿತು ಎಂದು ತಿಳಿದಿದ್ದರು. ಆಮೇಲೆ ಬೇರೆ ಬೇರೆ ಕೆಲಸಕ್ಕೆ ಅವನ ಕೇಂದ್ರಕ್ಕೆ ಹೋದಾಗ ಅವನು ನೋಡಿ, ಆಗಿಲ್ಲ ಎಂದು ಹೇಳಿ, ಸರಿಯಾಗಿ ಮಾಡಿಕೊಟ್ಟಿದ್ದ.

"ಎಲ್ಲಾರ್ದೂ ಮಾಡೀನಿ. ಒಬ್ಬಾಕಿದು ಉಳದದ. ಸಂತಿ ದಿನಾ ನಮ್ಮ ಅಂಗಡಿ ಮುಂದ ಹಾದು ಹೊಂಟಿದ್ಲು. ಪಿಂಚಣಿದು ಮಾಡಿಸಿದ್ಯೇನವಾ ಅಂದೆ. ಆ ಅಂಗಡ್ಯಾಗ ಆತ್ರಿ, ಟಿಂಗ್ ಅಂತು ಅಂದ್ಲು. ಇನ್ನ ದುಡಿಯಾಕ ಹೋಗಾಕಿ, ಜಲ್ದಿ ಬರಂಗಿಲ್ಲ ಅಂದ್ಲು. ಯಾವ ಅಂಗಡಿ ಅಂತ ಆವಾಗ ನನಗೇನು ಗೊತ್ತು?"

"ಹೆಸರೇನು ಆಕಿದು? ಊರು?"

"ಕೇಳಿದ್ರ ನಿಮ್ಮ ಹತ್ರ ಯಾಕ ಬರ್ತಿದ್ದೆ? ಗಲ್ಲದ ತನಕ ಸೆರಗು ಎಳಕೊಂಡಿದ್ಲು, ಅಷ್ಟ. ನಾಳಿ ಕೊನೀ ದಿನ. ದಾಟಿದ್ರ ಪಿಂಚಣಿ ನಿಲ್ತದ. ಮತ್ತ ಮೊದಲಿಂದ ಎಲ್ಲಾ ಮಾಡಬೇಕು, ಆಕಿ ಅಂತೂ ಊರಾಗ ಇರಂಗಿಲ್ಲ."

"ಹೊರಗ ಬರೆಸೀವಲ್ಲ, ಇದು ಕಲಾಕೃತಿ ಅಂತ."

"ಎಲ್ಲಿ ಬರೆಸೀರಿ?"

ಹೊರಗೆ ಹೋಗಿ ನೋಡಿದೆವು. ಅರ್ಧಕ್ಕೆ ಸಿಕ್ಕಿಕೊಂಡ ಷಟರಿನ ಮೇಲ್ಭಾಗ ಸುರುಳಿಯೊಳಗೆ ಸುತ್ತಿಕೊಂಡಿತ್ತು, ಮೇಲಿನ ಸಾಲೂ ಅದರೊಂದಿಗೆ. ತೆರೆದಿದ್ದಾಗ ಕಾಣುತ್ತಿದ್ದದ್ದು ಕೆಳಗಿನದೊಂದೇ: ಇಲ್ಲಿ ಯಾರ ಮುಖವನ್ನೂ ಇಟ್ಟುಕೊಳ್ಳುವುದಿಲ್ಲ. ಮುಚ್ಚಿದಾಗ ಮಾತ್ರ ಎರಡೂ ಓದಲು ಸಿಗುತ್ತಿದ್ದವು.

ಆಪರೇಟರ್ ನಗಲಿಲ್ಲ. ನನ್ನ ಫೋನ್ ಇಸಿದುಕೊಂಡು ಮುಖ ದೃಢೀಕರಣದ ಆಪ್ ಹಾಕಿಕೊಟ್ಟ. ಯಾರ ಫೋನಿನಿಂದ ಮಾಡಿದರೂ ಆಗುತ್ತದೆ, ಅವಳು ಮತ್ತು ಅವಳ ಗುರುತಿನ ಕಾರ್ಡು ಎದುರಿಗಿದ್ದರೆ ಸಾಕು ಎಂದು ಹೇಗೆ ಮಾಡಬೇಕೆಂಬುದನ್ನು ತೋರಿಸಿದ. "ಸಿಕ್ರ ಮಾಡ್ರಿ. ಮಾಡಿದ ಮ್ಯಾಲ ನನಗ ಫೋನ್ ಹಚ್ರಿ," ಎಂದು ತನ್ನ ಗಿರಾಕಿಗಳ ಕಡೆ ಹೋದ.

ಉಸ್ತಾದ್ ಬಂದರು. ಇಬ್ಬರೂ ಕೂತು ಅವಳನ್ನು ನೆನಪಿಸಿಕೊಳ್ಳತೊಡಗಿದೆವು. ಹಳದಿ ಸೀರೆ ಎಂದೆ ನಾನು. ಹಸಿರು ಎಂದರು ಅವರು. ಮೂಗಿಗೆ ನತ್ತು ಇತ್ತು ಎಂದೆ. ಇರಲಿಲ್ಲ ಎಂದು ಅವರು ಆಣೆ ಹಾಕಿದರು. ಮಾತಾಡಿದಷ್ಟೂ ನಮ್ಮ ಮುಂದೆ ಇಬ್ಬರು ಬೇರೆ ಬೇರೆ ಹೆಂಗಸರು ಸ್ಪಷ್ಟವಾಗುತ್ತ ಹೋದರು. ಒಬ್ಬಳ ಮುಖವನ್ನು ನನ್ನ ಯಂತ್ರದಲ್ಲಿ ಆಳೆತ್ತರಕ್ಕೆ ತೋರಿಸಿದ್ದೆ, ಅದರ ಪಕ್ಕದಲ್ಲೇ ನಿಂತಿದ್ದೆ. ಗಲ್ಲ ಉದ್ದವೋ ದುಂಡೋ ಎಂದು ಹೇಳಲಾಗಲಿಲ್ಲ.

ಉಸ್ತಾದ್ ಕಂಪ್ಯೂಟರಿನ ಬೆನ್ನು ಬಿಚ್ಚಿ ಒಳಗಿನ ಮೆಮೊರಿ ಕಾರ್ಡನ್ನು ಉಗುರಿನಿಂದ ಎಬ್ಬಿಸಿದರು.

"ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಇಡಬಾರದು ಅಂದ್ರಿ, ನಾ ಇಟ್ಟಿಲ್ಲ. ಖರೇ ಅದ. ಆದ್ರ ಮಷೀನ್ ತನ್ನ ಕೆಲಸಕ್ಕ ಒಂದು ಗಳಿಗಿ ಇಟ್ಕೊಂಡು ಅಳಿಸ್ತದ. ಅಳಿಸಿದ್ದು ಪೂರಾ ಹೋಗಿರಂಗಿಲ್ಲ. ತಗೀಬಹುದು."

"ಆಕಿದು ಅಷ್ಟೇ ತೆಗೀಬಹುದಾ?"

"ಹಂಗ ಹೆಂಗ ಬರ್ತದ? ಬಂದ್ರ ಎಲ್ಲಾರ್ದೂ ಬರ್ತದ."

ತೆಗೆಯಿರಿ ಎಂದೆ. ಬಹಳ ಯೋಚಿಸಿ ಹೇಳಿದೆ ಎಂದು ಬರೆಯಬಹುದು, ಯೋಚಿಸಲಿಲ್ಲ. ಅವರು ಕಾರ್ಡನ್ನು ತಮ್ಮ ಲ್ಯಾಪ್‌ಟಾಪಿಗೆ ಹಾಕಿ ಅಳಿಸಿದ ಚಿತ್ರ ಹುಡುಕುವ ತಂತ್ರಾಂಶ ಓಡಿಸಿದರು. ಪರದೆಯ ಮೇಲೆ ಚೂರುಗಳು ಬರತೊಡಗಿದವು. ಒಂದು ಕಿವಿ, ಕಿವಿಯ ಮೇಲೆ ಬೆರಳು. ಅರ್ಧ ಬಾಯಿ. ಯಾರದೋ ಹಣೆ, ಅದರ ಕೆಳಗೆ ಇನ್ನೊಬ್ಬರ ಗಲ್ಲ ಅಂಟಿಕೊಂಡದ್ದು. ಹೆಸರು ಹೇಳಲು ಬಾಯಿ ತೆರೆದ ಒಬ್ಬ ಮುದುಕ. ಇಟ್ಟುಕೊಳ್ಳುವುದಿಲ್ಲ ಎಂಬ ಸಾಲನ್ನು ಓದಿ ಒಳಗೆ ಬಂದವರು ಇವರು. ಆ ಸಾಲಂತೂ ಎಲ್ಲರಿಗೂ ಕಂಡಿತ್ತು.

"ನಿಲ್ಲಸ್ರಿ."

"ಇನ್ನ ಶುರು ಆಗೇದ ಅಕ್ಕೋರ."

"ನಿಲ್ಲಸ್ರಿ ಉಸ್ತಾದ್."

ಅವರು ನಿಲ್ಲಿಸಿ ನನ್ನತ್ತ ತಿರುಗಿದರು. "ಅಲ್ಲಿ ಒಬ್ಬಾಕಿ ಪಿಂಚಣಿ ಹೋಗಾಕತ್ತದ, ನೀವು ಇಲ್ಲಿ ನಿಯತ್ತು ಹಿಡಕೊಂಡು ಕುಂತೀರಿ. ಹೆಂಗ ಹುಡಕ್ತೀರಿ ಈಗ?"

ಆ ಕಿವಿ, ಗಲ್ಲಗಳ ರಾಶಿಯಲ್ಲಿ ಅವಳ ಮುಖ ಸಿಕ್ಕಿದರೂ ಅದನ್ನು ಹಿಡಿದು ಯಾರ ಬಳಿ ಹೋಗುವುದು? ಸೆರಗು ಹೊದ್ದು ಓಡಾಡುವವಳ ಮುಖವನ್ನು ಊರೂರಲ್ಲಿ ಗಂಡಸರಿಗೆ ತೋರಿಸಿ, ಇವಳು ಯಾರು ಎಂದು ಕೇಳುವುದೇ? ಅದನ್ನು ಹೇಳಿದೆ. ಉಸ್ತಾದ್ ಇಕ್ಕಳ ತೆಗೆದುಕೊಂಡು ಕಾರ್ಡನ್ನು ಎರಡು ತುಂಡು ಮಾಡಿದರು. "ಹೋತು ಬಿಡ್ರಿ. ಇನ್ನ ಮನಸ್ಸು ಆ ಕಡಿ ಹೋಗಂಗಿಲ್ಲ."

ಆಮೇಲೆ ಪ್ರಶ್ನೆಯನ್ನು ಬದಲಿಸಿದೆವು. ಅವಳು ಹೇಗಿದ್ದಳು ಎಂಬುದನ್ನು ಬಿಟ್ಟು, ಆಗ ಏನು ನಡೆಯಿತು ಎಂದು ಕೇಳಿಕೊಂಡೆವು. ಇದರಲ್ಲಿ ಇಬ್ಬರ ನೆನಪೂ ಒಂದೇ ಆಗಿತ್ತು. ಗೋಡೆಯ ಕಡೆ ತಿರುಗಿದ ಭಾವ, ತಮ್ಮನ ಹೆಂಡತಿ ಹೊರಗೆ ಹೋದ ಮೇಲೂ ಹಾಗೇ ನಿಂತಿದ್ದರು. ತಿರುಗಿ ಎಂದು ಹೇಳಲು ನಾನು ಮರೆತಿದ್ದೆ. ಸಾಲಿನಲ್ಲಿ ಯಾರೋ, "ಕಾಕಾ, ಗ್ವಾಡಿಗೆ ಮಾರಿ ತೋರಿಸಿದ್ರ ಪಿಂಚಣಿ ಬರಂಗಿಲ್ಲ," ಎಂದು ನಗಿಸಿದ್ದರು. ಅವರ ಹೆಗಲ ಮೇಲೆ ಹೊಸ ಹಗ್ಗದ ಸುರುಳಿಗಳಿದ್ದವು.

"ಹಗ್ಗ," ಎಂದರು ಉಸ್ತಾದ್. "ಆ ಮನಶ್ಯಾ ಕೆಂಭಾವಿ ಸಂತ್ಯಾಗ ಹಗ್ಗ ಮಾರ್ತಾನ. ನಮ್ಮ ಅಳಿಯಾ ಅವನ ಹತ್ರಾನೇ ಒಯ್ತಾನ."

"ಕೆಂಭಾವಿ ಸಂತಿ ಯಾವಾಗ?"

"ಇವತ್ತ."

ಉಸ್ತಾದರ ಹಳೆಯ ವ್ಯಾನಿನಲ್ಲಿ ಹೊರಟೆವು. ಸಗರ ದಾಟುವಾಗ ಹೊಲಗಳಲ್ಲಿ ಹತ್ತಿ ಬಿಡಿಸುವವರು ತುಂಬಿದ್ದರು. ಸೆರಗು ಹೊದ್ದ ಬೆನ್ನುಗಳನ್ನೆಲ್ಲ ನಾನು ಕಿಟಕಿಯಿಂದ ನೋಡುತ್ತಿದ್ದೆ, ಯಾವ ಉಪಯೋಗವೂ ಇಲ್ಲದಿದ್ದರೂ.

ಹಗ್ಗದವರು ಸಂತೆಯ ಅಂಚಿನಲ್ಲಿ ದನ ಕಟ್ಟುವ ದಾವಣಿ, ಮೂಗುದಾಣ, ಬಾರುಕೋಲುಗಳನ್ನು ಚೀಲದ ಮೇಲೆ ಹರವಿಕೊಂಡು ಕೂತಿದ್ದರು. ನನ್ನ ಗುರುತು ಹತ್ತಿತು. ಗುರುತು ಹತ್ತಿದ್ದಕ್ಕೆ ಸಂತೋಷವೇನೂ ಆಗಲಿಲ್ಲ.

"ನಮ್ಮ ಮನಿ ಹೆಣ್ಣಮಗಳನ್ನ ನೀವು ಯಾಕ ಕೇಳ್ತೀರಿ?"

ಹೇಳಿದೆ. ನಮ್ಮ ಯಂತ್ರ ಖರೇದಲ್ಲ, ಅವಳ ಪಿಂಚಣಿಯ ಕೆಲಸ ಆಗಿಲ್ಲ, ನಾಳೆ ಕೊನೆಯ ದಿನ. ಅವರು ಕೈಯಲ್ಲಿದ್ದ ಹಗ್ಗವನ್ನು ಕೆಳಗಿಟ್ಟರು.

"ಖರೇದಲ್ಲ ಅಂದ್ರ?"

"ಆಟದ್ದು, ಕಾಕಾ," ಎಂದರು ಉಸ್ತಾದ್.

"ನಾ ಗ್ವಾಡಿ ಕಡಿ ತಿರುಗಿ ನಿಂತದ್ದು ಆಟಕ್ಕೇನು?" ಎಂದು ನನ್ನನ್ನು ನೋಡಿದರು. ಅವರೇ ಮುಂದುವರಿದರು. "ನನ್ನ ತಮ್ಮ ತೀರಿದ ಮ್ಯಾಲ ಆ ಪಿಂಚಣಿ ಮ್ಯಾಲನ ಆಕಿ ಮಗಳು ಸುರಪುರದಾಗ ಕಾಲೇಜು ಓದಾಕತ್ತಾಳ. ತಾಯಿ ದುಡದದ್ದು ಆಕಿ ಹೊಟ್ಟಿಗೇ ಆಗ್ತದ. ಇವತ್ತ ಮಧ್ಯಾಹ್ನ ಹೊಂಟಾಳ್ರಿ, ಯಾದಗಿರಿಂದ ಗಾಡಿ, ಪುಣೆ ಕಡಿ ಕಟ್ಟಡ ಕೆಲಸಕ್ಕ."

"ಫೋನ್ ನಂಬರ್?"

"ನಾ ಹೆಂಗ ಇಟ್ಕೊಳ್ಳಲಿ ಆಕಿ ನಂಬರ್? ನಮ್ಮನಿಯಾಕಿ ಹತ್ರ ಅದ."

ಅವರ ಹೆಂಡತಿಗೆ ಫೋನ್ ಹಚ್ಚಿದೆವು. ರಿಂಗಾಗಿ ರಿಂಗಾಗಿ ನಿಂತಿತು. ಅವರು ಹತ್ತಿ ಬಿಡಿಸಲು ಹೋಗಿದ್ದಾರೆ, ಫೋನ್ ಮನೆಯ ಗೂಡಿನಲ್ಲಿ. ಹಗ್ಗದವರು ಪಕ್ಕದ ಮೆಣಸಿನಕಾಯಿ ವ್ಯಾಪಾರಿಗೆ, "ಜರಾ ನೋಡ್ಕೋಪಾ," ಎಂದು ಹೇಳಿ ಚಪ್ಪಲಿ ಮೆಟ್ಟಿದರು. ಬನ್ನಿ ಎಂದು ನಾವು ಕೇಳಿರಲೇ ಇಲ್ಲ.

ಬಂದ ದಾರಿಯಲ್ಲೇ ಶಹಾಪುರಕ್ಕೆ, ಅಲ್ಲಿಂದ ಯಾದಗಿರಿಗೆ. ಉಸ್ತಾದ್ ಅಷ್ಟು ಜೋರಾಗಿ ಗಾಡಿ ಓಡಿಸಿದ್ದನ್ನು ನಾನು ನೋಡಿರಲಿಲ್ಲ. ಸ್ಟೇಷನ್ನಿನಲ್ಲಿ ಗುಂಪು ದೊಡ್ಡದಿರುತ್ತದೆ, ಅವಳು ಹೇಗಿದ್ದಾಳೆ ಹೇಳಿ, ಬೇರೆ ಬೇರೆ ಕಡೆ ಹುಡುಕೋಣ ಎಂದು ಹಗ್ಗದವರನ್ನು ಕೇಳಿದೆ.

"ಹೆಂಗದಾಳ ಅಂದ್ರ?"

"ಮಾರಿ ಹೆಂಗದ? ಗುಂಡಗದಾಳೋ, ಸಣ್ಣಗದಾಳೋ?"

"ಆಕಿ ಮಾರಿ ನಾ ಎಲ್ಲಿ ನೋಡೀನ್ರಿ? ಲಗ್ನ ಆಗಿ ಬಂದಾಗಿಂದ ನೋಡಿಲ್ಲ."

ಉಸ್ತಾದ್ ಗೇರ್ ಬದಲಿಸುತ್ತ ಕನ್ನಡಿಯಲ್ಲಿ ನನ್ನನ್ನು ನೋಡಿದರು. ಮೆಮೊರಿ ಕಾರ್ಡು ತುಂಡಾಗಿತ್ತು. ಮುಖ ಕಂಡ ನಮಗೆ ನೆನಪಿಲ್ಲ, ಅವಳನ್ನು ತೋರಿಸಲು ಹೊರಟವರು ಮುಖವನ್ನೇ ಕಂಡಿಲ್ಲ.

"ಮತ್ತ ಹೆಂಗ ಹುಡಕ್ತೀರಿ ಕಾಕಾ?"

"ಒಂದ ಮನ್ಯಾಗ ಇದ್ದೀವಲ್ಲೋ," ಎಂದರು ಹಗ್ಗದವರು. ಅದರಲ್ಲಿ ಕೇಳುವಂಥದ್ದೇನಿದೆ ಎಂಬ ದನಿಯಲ್ಲಿ.

ಭೀಮಾ ಸೇತುವೆಯ ಮೇಲೆ ಅವರ ಹೆಂಡತಿಯ ಫೋನ್ ಬಂತು, ನಂಬರು ಸಿಕ್ಕಿತು. ಹಚ್ಚಿದರೆ ಸ್ವಿಚ್ ಆಫ್.

ಪ್ಲಾಟ್‌ಫಾರಂ ತುಂಬ ಕೆಲಸಕ್ಕೆ ಹೊರಟ ಗುಂಪುಗಳು. ಪ್ಲಾಸ್ಟಿಕ್ ಚೀಲ, ಚಾಪೆ, ಬಕೆಟ್ಟಿನೊಳಗೆ ತುಂಬಿದ ಪಾತ್ರೆ. ಹೆಂಗಸರೆಲ್ಲರ ತಲೆಯ ಮೇಲೂ ಸೆರಗು. ನಾನು ಹಳದಿ ಸೀರೆ ಹುಡುಕುತ್ತಿದ್ದೆ, ಉಸ್ತಾದ್ ಬಹುಶಃ ಹಸಿರು. ಹಗ್ಗದವರು ಗುಂಪುಗಳ ಒಳಗೆ ಹೋಗಲಿಲ್ಲ. ಗೋಡೆಯ ಬದಿಯಲ್ಲೇ ನಡೆಯುತ್ತ, ನಡುನಡುವೆ ನಿಂತು, ಬೆನ್ನುಗಳನ್ನಷ್ಟೇ ನೋಡುತ್ತ ಹೋದರು. ನೀರಿನ ನಳದ ಹತ್ತಿರ ನಿಂತರು.

"ಅಗೋ. ಕ್ಯಾನ್ ಎಡಗೈಲೆ ಎತ್ತಾಕತ್ತಾಳ ನೋಡ್ರಿ. ನೀವು ಹೋಗ್ರಿ. ನಾ ಬಂದ್ರ, ಯಾರರ ಸತ್ರೇನೋ ಅಂತ ಗಾಬರಿ ಆಗ್ತಾಳ."

ಅವಳು ಉಟ್ಟದ್ದು ನೀಲಿ ಸೀರೆ.

ಹೋಗಿ ಹೇಳಿದೆ. ಅವಳಿಗೆ ನನ್ನ ಮುಖ ಸರಿಯಾಗಿಯೇ ನೆನಪಿತ್ತು. "ಆತು ಅಂದಿದ್ರಲ್ರಿ," ಎಂದಳು. ತಪ್ಪಾಗಿದೆ, ಮತ್ತೊಮ್ಮೆ ಮಾಡಬೇಕು, ಕಾರ್ಡು ಕೊಡಿ ಎಂದೆ. ಗುಂಪಿನ ಹೆಂಗಸರು ಸುತ್ತ ಸೇರಿದರು. ಅವಳು ಸೊಂಟದ ಸಂಚಿಯಿಂದ ಕಾರ್ಡು ತೆಗೆದಳು, ಕೊಡಲಿಲ್ಲ. ಕೊಟ್ಟದ್ದು, ನಿಮ್ಮ ಭಾವನವರೇ ಕರೆದುಕೊಂಡು ಬಂದಿದ್ದಾರೆ, ಅಲ್ಲಿ ನಿಂತಿದ್ದಾರೆ ಎಂದ ಮೇಲೆ. ತಕ್ಷಣ ಸೆರಗು ಇನ್ನಷ್ಟು ಕೆಳಗೆ ಬಂತು. ನಾನು ನೋಡುವಷ್ಟರಲ್ಲಿ ಹಗ್ಗದವರು ಚಹಾದ ಅಂಗಡಿಯ ಮರೆಗೆ ಹೋಗಿಬಿಟ್ಟಿದ್ದರು.

ಕಾರ್ಡಿನ ನಂಬರು ಹಾಕಿ ಫೋನ್ ಎತ್ತಿ ಹಿಡಿದೆ. ವೃತ್ತ ಬಂತು. ಅವಳ ಬೆನ್ನಿಗೆ ಬಿಸಿಲಿತ್ತು, ಮುಖ ಕಪ್ಪಾಗಿ ಕಂಡಿತು. ಆಪ್ ಒಪ್ಪಲಿಲ್ಲ. ಬೆಳಕಿಗೆ ಎದುರಾಗಿ ತಿರುಗಿಸಿ ನಿಲ್ಲಿಸಿದೆ. ಮತ್ತೆ ವೃತ್ತ.

"ಕಣ್ಣು ಮಿಟುಕಿಸ್ರಿ," ಎಂದೆ. ಆ ಮಾತನ್ನು ಈ ಸಲ ಬೇರೆ ಯಾವ ಅರ್ಥಕ್ಕೂ ಅಲ್ಲದೆ ಹೇಳಿದೆ.

ಮಿಟುಕಿಸಿದಳು. ಮಿಟುಕಿಸಿದವಳೇ ಎಡಕ್ಕೆ ನೋಡಿ, ಬಲಗೈಯಿಂದ ಎಡಕಿವಿ ಮುಟ್ಟಿ, ಮುಖ ಬಿಗಿದು, ಆಮೇಲೆ ಸ್ವಲ್ಪ ನಕ್ಕಳು. ನನ್ನ ಅಪ್ಪಣೆಗಳು, ನಾನು ಬರೆದ ಕ್ರಮದಲ್ಲೇ. ಮುಖವನ್ನು ಸ್ಥಿರವಾಗಿಡಿ ಎಂದು ಹೇಳಿ ಆಪ್ ಮತ್ತೆ ನಿಂತಿತು.

"ಕಿವಿ ಮುಟ್ಟಬ್ಯಾಡ್ರಿ."

"ಅಲ್ಲಿ ಮುಟ್ಟಂತ ಹೇಳ್ತಲ್ರಿ."

"ಅದು ಸುಳ್ಳು ಮಷೀನ್ರಿ. ನಾ ಮಾಡಿದ್ದು."

"ಸುಳ್ಳು ಯಾಕ ಮಾಡಿದ್ರಿ?"

"ಎಲ್ಲಿಗರ ಒಂದು ಕಡಿ ಮಂದಿ ಬ್ಯಾಡ ಅಂತಾರೇನೋ ನೋಡೂಣಂತ."

ಅವಳು ನನ್ನನ್ನೇ ನೋಡಿದಳು. "ಬ್ಯಾಡ ಅಂದ್ರ ಪಿಂಚಣಿ ನೀವು ಕೊಡ್ತೀರೇನು?"

ಗುಂಪಿನ ಹೆಂಗಸರು ಗೊಳ್ಳೆಂದು ನಕ್ಕರು. ಗಾಡಿ ಬರುತ್ತಿದೆ ಎಂಬ ಘೋಷಣೆ ಮೂರು ಭಾಷೆಗಳಲ್ಲಿ ಶುರುವಾಯಿತು. ಮೇಸ್ತ್ರಿ ಚೀಲಗಳನ್ನು ಎತ್ತಿಸತೊಡಗಿದ. ಸುಮ್ಮನೆ ನಿಲ್ಲಿ, ಒಂದೇ ಸಲ ಮಿಟುಕಿಸಿ ಎಂದೆ. ಗೆಳತಿಯೊಬ್ಬಳು ಅವಳ ಎರಡೂ ಕೈಗಳನ್ನು ಹಿಂದಿನಿಂದ ಹಿಡಿದುಕೊಂಡಳು, ಕಿವಿಗೆ ಹೋಗದ ಹಾಗೆ. ಮಿಟುಕಿಸಿದಳು. ವೃತ್ತ ತಿರುಗಿತು, ತಿರುಗುತ್ತಲೇ ಇತ್ತು. ಕೊನೆಗೆ ಸಣ್ಣ ಅಕ್ಷರಗಳಲ್ಲಿ ಒಂದು ಸಾಲು: ಸ್ವೀಕರಿಸಲಾಗಿದೆ.

"ಆತ್ರಿ," ಎಂದೆ.

"ಮೊನ್ನಿನೂ ಹಂಗೇ ಅಂದ್ರಿ. ಇದು ಟಿಂಗ್ ಅನ್ನಲಿಲ್ಲ."

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಎರಡು ಪರದೆಗಳಲ್ಲಿ ಯಾವುದು ಖರೆ ಎಂದು ತಿಳಿಯಲು ಅವಳಿಗೆ ನನ್ನ ಮಾತು ಬಿಟ್ಟರೆ ಬೇರೇನೂ ಇರಲಿಲ್ಲ, ಆ ಮಾತು ಒಮ್ಮೆ ಕೆಟ್ಟಿತ್ತು. ಆಪರೇಟರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ. ಅವನು ತನ್ನ ಕಂಪ್ಯೂಟರಿನಲ್ಲಿ ನೋಡಿ, "ಬಂದದ ಮೇಡಂ," ಎಂದ. ಹೆಸರು ಓದು ಎಂದೆ. ಅವಳ ಹೆಸರು ಓದಿದ, ಆಮೇಲೆ ತೀರಿಹೋದ ಗಂಡನ ಹೆಸರು ಓದಿದ. ಗಂಡನ ಹೆಸರು ಕೇಳಿದೊಡನೆ ಅವಳು ಕಣ್ಣು ಕೆಳಗೆ ಮಾಡಿ, "ಹೌದ್ರಿ, ಅವರ್ದೇ," ಎಂದಳು. ಉಸ್ತಾದ್ ಮೂರು ಚಹಾ ಹೇಳಲು ಹೋದರು.

"ಇನ್ನ ಆ ಮಷೀನ್ ಏನ್ ಮಾಡ್ತೀರಿ?" ಎಂದು ಕೇಳಿದಳು.

"ಬಂದ್ ಮಾಡ್ತೀನ್ರಿ."

"ಬಂದ್ ಯಾಕ ಮಾಡ್ತೀರಿ? ಮೊದಲ ಹೇಳ್ರಿ, ಸುಳ್ಳದ ಅಂತ. ನಿಂದ್ರೋ ಮುಂಚೆ ಹೇಳಬೇಕು. ಬರದ್ರ ನಮಗ ಓದಾಕ ಬರಂಗಿಲ್ಲ."

ಅದನ್ನು ನೀವೇ ಹೇಳಿಬಿಡಿ ಎಂದು ಫೋನಿನಲ್ಲಿ ಧ್ವನಿಮುದ್ರಣ ಒತ್ತಿದೆ. ನಿಮ್ಮ ಧ್ವನಿಯನ್ನೇ ಅಲ್ಲಿ ಹಾಕಲೇ ಎಂದು ಕೇಳಿದೆ. ಗೆಳತಿಯರನ್ನು ನೋಡಿ ಸ್ವಲ್ಪ ನಾಚಿದಳು, ಆಮೇಲೆ ಗಂಟಲು ಸರಿಮಾಡಿಕೊಂಡು ಸಂತೆಯಲ್ಲಿ ಮಾತಾಡುವಷ್ಟು ಜೋರಾಗಿ ಹೇಳಿದಳು. ಗಾಡಿ ಬಂತು. ನುಗ್ಗಾಟದಲ್ಲಿ ಅವಳು ಹತ್ತಿದ್ದನ್ನು ನಾನು ನೋಡಲಿಲ್ಲ; ಎಡಗೈಯಲ್ಲಿ ಹಿಡಿದ ನೀರಿನ ಕ್ಯಾನ್ ಬಾಗಿಲಲ್ಲಿ ಒಮ್ಮೆ ಕಂಡಿತು ಎಂದು ಹಗ್ಗದವರು ಹೇಳಿದರು.

ಷಟರ್ ರಿಪೇರಿ ಮಾಡಿಸಿ, ಹಸಿರು ಗುರುತನ್ನೂ ಟಿಂಗನ್ನೂ ತೆಗೆದು, ಮಳಿಗೆಯನ್ನು ಮತ್ತೆ ತೆರೆದೆವು. ಈಗ ಯಾರಾದರೂ ಹೊಸ್ತಿಲು ದಾಟಿದ ಕೂಡಲೇ ಮೊದಲು ಅವಳ ಧ್ವನಿ ಬರುತ್ತದೆ: "ಕೇಳ್ರಿ, ಇದು ಖರೇ ಮಷೀನ್ ಅಲ್ಲ. ಇಲ್ಲಿ ಮಾರಿ ತೋರಿಸಿದ್ರ ಏನೂ ಆಗಂಗಿಲ್ಲ. ಖರೇದು ಮುಂದಿನ ಸಾಲಿನ್ಯಾಗ ಅದ, ಅಲ್ಲಿ ಹೋಗ್ರಿ." ಅರ್ಧ ಜನ ಅಲ್ಲಿಂದಲೇ ಮುಂದಿನ ಸಾಲಿಗೆ ಹೋಗುತ್ತಾರೆ. ಉಳಿದವರು, ಏನೂ ಆಗುವುದಿಲ್ಲ ಎಂದು ತಿಳಿದೂ ಬರುವವರು, ಯಂತ್ರದೊಂದಿಗೆ ಜಗಳ ಆಡುತ್ತಾರೆ. ಕಿವಿ ಮುಟ್ಟಿ ಎಂದರೆ, "ನೀ ಮುಟ್ಕೋ," ಎನ್ನುತ್ತಾರೆ. ಹೆಸರು ಕೇಳಿಸಲಿಲ್ಲ ಎಂದರೆ ಬೇಕಾದ ಹೆಸರು ಹೇಳಿ ನಗುತ್ತಾರೆ. ನಾನು ಮೊದಲ ದಿನ ಕಾದಿದ್ದು ಇದಕ್ಕೇ ಇರಬೇಕು. ಕಳಕೊಳ್ಳುವುದೇನೂ ಇಲ್ಲ ಎಂದು ತಿಳಿದ ಮೇಲಷ್ಟೇ ಅದು ಬಂತು.

ಒಂದು ಸಂತೆಯ ದಿನ ಹಗ್ಗದವರು ಬಂದರು. ಷಟರ್ ಈಗ ಪೂರ್ತಿ ಏಳುತ್ತದೆ, ಆದರೂ ರೂಢಿಯಿಂದಲೋ ಏನೋ ಬಗ್ಗಿದರು. ಹೊರಗಿನಿಂದಲೇ ನನಗೆ, "ನಮ್ಮನಿಯಾಕಿಗೆ ಫೋನ್ ಹಚ್ಚಿದ್ಲಂತ್ರಿ. ಈ ತಿಂಗಳದ್ದು ಜಮಾ ಆಗೇದಂತ. ಹುಡುಗಿ ಫೀಜ್ ಕಟ್ಟಿ ಬಂದಾಳ," ಎಂದು ಹೇಳುತ್ತ ಹೊಸ್ತಿಲು ದಾಟಿದರು. ಧ್ವನಿ ಶುರುವಾಯಿತು. ಕೇಳ್ರಿ, ಇದು ಖರೇ ಮಷೀನ್ ಅಲ್ಲ.

ಅವರು ಇದ್ದಲ್ಲೇ ನಿಂತರು. ನಾನು ನಿಲ್ಲಿಸಲು ಹೋದೆ, ಕೈ ಎತ್ತಿ ಬೇಡ ಎಂದರು. ಕೊನೆಯ ಮಾತಿನವರೆಗೂ, ಅಲ್ಲಿ ಹೋಗ್ರಿ ಎನ್ನುವವರೆಗೂ, ತಲೆ ತಗ್ಗಿಸಿ ಕೇಳಿದರು.

"ಮನ್ಯಾಗ ಆಕಿ ಮಾತು ಕೇಳೀನ್ರಿ," ಎಂದರು ನನಗೆ. "ಮಕ್ಕಳಿಗೆ, ಹೆಂಗಸರಿಗೆ ಆಡಿದ್ದು. ನನಗ ಹೇಳಿದ್ದು ಕೇಳಿದ್ದಿಲ್ಲ."

ಆಮೇಲೆ ಟೀವಿಯ ಕಡೆ ತಿರುಗಿ, ಅದರಲ್ಲಿ ಕಾಣುತ್ತಿದ್ದ ತಮ್ಮ ಮುಖದ ಮೇಲಿನಿಂದ ನೋಟ ಬದಿಗೆ ಸರಿಸಿ, "ಆತವಾ, ಹೋಗ್ತೀನಿ," ಎಂದು ಮುಂದಿನ ಸಾಲಿನ ಕಡೆ ಹೋದರು.